ಊರು ಶಾಲೆಗೆ ಕೊಟ್ಟದ್ದು ಗೊತ್ತು, ಶಾಲೆ ಊರಿಗೆ ಕೊಡೋದೇನು?

ನಮ್ಮ ಯಾವುದೇ ಸರ್ಕಾರಿ ಶಾಲೆಗೆ ಹೋಗಿ ನೋಡಿ. ಗೋಡೆ ಗಡಿಯಾರದ ಮೇಲೆ ಒಂದು ಹೆಸರು, ನೀರಿನ ಫಿಲ್ಟರ್ ಮೇಲೆ ಇನ್ನೊಂದು. ಬೀರು, ಬೆಂಚು, ಧ್ವಜದ ಕಟ್ಟೆ, ರಂಗಮಂದಿರ, ಎಲ್ಲದರ ಮೇಲೂ ಯಾರದೋ ‘ಕೊಡುಗೆ’, ಇಲ್ಲವೇ ಯಾರದೋ ‘ಜ್ಞಾಪಕಾರ್ಥ’. ಫ್ಯಾನಿನ ರೆಕ್ಕೆ ಮೇಲೆ ಬರೆಸಿದ ಹೆಸರು ಕರೆಂಟ್ ಇದ್ದಾಗ ಓದೋಕಾಗಲ್ಲ, ಹೋದಾಗ ಮಾತ್ರ ಸ್ಪಷ್ಟವಾಗಿ ಕಾಣುತ್ತೆ.

ಈ ಹೆಸರುಗಳನ್ನು ಗೇಲಿ ಮಾಡೋದು ಸುಲಭ, ನನಗೆ ಅದು ಬೇಕಾಗಿಲ್ಲ. ಆ ಫಿಲ್ಟರ್ ಇಲ್ಲದೇ ಹೋಗಿದ್ದರೆ ಮಕ್ಕಳು ಕೊಳಾಯಿಗೇ ಬಾಯಿ ಇಡಬೇಕಿತ್ತು. ನನ್ನ ತಕರಾರು ಬೇರೆ. ಶಾಲೆಗೂ ಊರಿಗೂ ಇರುವ ಸಂಬಂಧ ಅಂದಕೂಡಲೇ ನಮ್ಮ ತಲೆಗೆ ಹೊಳೆಯೋದು ಒಂದೇ ದಿಕ್ಕಿನ ದಾರಿ. ಊರು ಕೊಡಬೇಕು, ಶಾಲೆ ತಗೋಬೇಕು. ಜಾಗ ಕೊಟ್ಟವರು, ಕಟ್ಟಡ ಕಟ್ಟಿಸಿದವರು, ಬಣ್ಣ ಹೊಡೆಸಿದ ಹಳೇ ವಿದ್ಯಾರ್ಥಿಗಳು. ಆದರೆ ಶಾಲೆ ಆ ಊರಿನ ಮನೆಗಳಿಗೆ ಏನು ಕೊಡಬೇಕು? ಪಾಠ ಕೊಡುತ್ತೆ, ಸರಿ. ಪಾಠ ಬಿಟ್ಟು? ಈ ಪ್ರಶ್ನೆಯನ್ನು ನಮ್ಮ ಸರ್ಕಾರ ಗಟ್ಟಿಯಾಗಿ ಕೇಳಿಕೊಂಡಿಲ್ಲ. ಸಿನಿಮಾ ಮಾಡುವವರೂ ಕೇಳಿಲ್ಲ, ನಮ್ಮಂಥ ಬರೆಯೋರೂ ಕೇಳಿಲ್ಲ.

ಸಿನಿಮಾದ ಮಾತು ಯಾಕೆ ಬಂತು ಅಂದರೆ, ಸರ್ಕಾರಿ ಶಾಲೆಯನ್ನೇ ನಾಯಕನನ್ನಾಗಿ ಮಾಡಿದ ಒಂದು ಕನ್ನಡ ಚಿತ್ರದ ಹೆಸರಲ್ಲೇ ಈ ಕೊಡುಗೆ ಇದೆ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ರಿಷಬ್ ಶೆಟ್ಟಿ ನಿರ್ದೇಶನದ ಈ ಚಿತ್ರ 2018ರ ಆಗಸ್ಟ್‌ನಲ್ಲಿ ತೆರೆಗೆ ಬಂತು. ಜನ ಕುಟುಂಬ ಸಮೇತ ನೋಡಿದರು, ಮಕ್ಕಳ ಚಿತ್ರಕ್ಕೆ ಕೊಡುವ ರಾಷ್ಟ್ರಪ್ರಶಸ್ತಿಯೂ ಬಂತು. ಗಡಿಯಾಚೆ ಕೇರಳದಲ್ಲಿರುವ ಕನ್ನಡ ಶಾಲೆಯೊಂದಕ್ಕೆ ಮುಚ್ಚುವ ಭಯ. ಮೈಸೂರಿನಿಂದ ಬಂದ ಹಿರಿಯರೊಬ್ಬರು (ಅನಂತ್ ನಾಗ್) ಕೋರ್ಟಿನಲ್ಲಿ ವಾದ ಮಾಡಿ ಅದನ್ನು ಉಳಿಸ್ತಾರೆ. ನನಗೂ ಇಷ್ಟವಾದ ಚಿತ್ರ. ಗಡಿನಾಡಿನ ಮಕ್ಕಳ ಭಾಷೆಯ ಕಷ್ಟವನ್ನು ಭಾಷಣ ಮಾಡದೆ ನಗಿಸುತ್ತಾ ಹೇಳಿದ್ದು ಸಣ್ಣ ಸಾಧನೆಯಲ್ಲ.

ಆದರೆ ಚಿತ್ರ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಆ ಶಾಲೆ ಯಾಕೆ ಉಳಿಯಬೇಕು? ಚಿತ್ರ ಕೊಡುವ ಉತ್ತರ ಭಾಷೆ, ಬಾಲ್ಯ, ನೆನಪು. ಮೂರೂ ದೊಡ್ಡವೇ. ಆದರೆ ಮೂರೂ, ಶಾಲೆ ಬಿಟ್ಟು ಹೋದವರ ಕಣ್ಣಿಂದ ಕಂಡವು. ಅದೇ ವರ್ಷ ಜುಲೈ ಬಜೆಟ್‌ನಲ್ಲಿ, ಅಂದರೆ ಚಿತ್ರ ಬರೋದಕ್ಕೆ ಒಂದು ತಿಂಗಳು ಮುಂಚೆ, ಕರ್ನಾಟಕ ಸರ್ಕಾರವೇ 28 ಸಾವಿರಕ್ಕೂ ಹೆಚ್ಚು ಶಾಲೆಗಳನ್ನು ಪಕ್ಕದ ಶಾಲೆಗಳ ಜೊತೆ ವಿಲೀನ ಮಾಡುವ ಮಾತಾಡಿತ್ತು. ಅವು ಗಡಿಯಾಚೆಯ ಶಾಲೆಗಳಲ್ಲ, ನಮ್ಮವೇ. ಅಲ್ಲಿ ಭಾಷೆಯ ಅಭಿಮಾನವಾಗಲಿ, ಹಳೇ ನೆನಪಾಗಲಿ ಮಗುವನ್ನು ಬೆಂಚಿನ ಮೇಲೆ ತಂದು ಕೂರಿಸಲ್ಲ. ಮಗುವನ್ನು ಸೇರಿಸೋದು ಈಗ ಆ ಊರಲ್ಲಿ ಬದುಕು ಮಾಡ್ತಿರುವ ತಾಯಿ. ಅವಳ ಲೆಕ್ಕದಲ್ಲಿ ಶಾಲೆಯಿಂದ ಅವಳಿಗೇನು ಅನುಕೂಲ? ಚಿತ್ರಕ್ಕೆ ಈ ಲೆಕ್ಕ ಗೊತ್ತಿಲ್ಲ. ನಮಗೂ ಗೊತ್ತಿಲ್ಲ ಅನ್ನೋದೇ ನನ್ನ ದೂರು.

ಸರ್ಕಾರದ ಭಾಷೆಯೂ ಇದೇ. ‘ಶಾಲೆ ದತ್ತು’ ಅಂತೀವಿ. ದತ್ತು ಕೊಡೋದು ಯಾರನ್ನ? ಹೆತ್ತವರು ಸಾಕೋಕಾಗದ ಮಗುವನ್ನ. 2023ರಲ್ಲಿ ‘ನಮ್ಮ ಶಾಲೆ ನಮ್ಮ ಜವಾಬ್ದಾರಿ’ ಅಂತ ಹಳೇ ವಿದ್ಯಾರ್ಥಿಗಳನ್ನು ಕರೆದರು. ಅದಕ್ಕೂ ಒಂದು ವರ್ಷ ಮೊದಲು, 2022ರ ಅಕ್ಟೋಬರಿನಲ್ಲಿ, ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ತಗೋಬಹುದು ಅಂತ ಶಾಲಾಭಿವೃದ್ಧಿ ಸಮಿತಿಗಳಿಗೆ ಸುತ್ತೋಲೆ ಹೋಯ್ತು. ಗಲಾಟೆ ಎದ್ದಿತು, ಕೆಲವೇ ದಿನದಲ್ಲಿ ವಾಪಸ್ ತಗೊಂಡರು. ಮಕ್ಕಳ ಮೊಟ್ಟೆಯನ್ನೇ ನೋಡಿ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿರೋದು ಸಂತೋಷದ ಸಂಗತಿ. ಅದರಲ್ಲಿ ಎರಡು ದಿನದ್ದು ಸರ್ಕಾರದ ದುಡ್ಡು, ನಾಲ್ಕು ದಿನದ್ದು ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನದು, ಮೂರು ವರ್ಷದ ಒಪ್ಪಂದದ ಮೇಲೆ. ಮಕ್ಕಳು ತಿನ್ನಲಿ, ಚೆನ್ನಾಗಿ ತಿನ್ನಲಿ. ಆದರೆ ಕೊಡುಗೆಗೆ ಒಂದು ಕೊನೆಯ ತಾರೀಕು ಇರುತ್ತೆ. ಮಗುವಿನ ಹಸಿವಿಗೆ ಇರಲ್ಲ.

ಇಪ್ಪತ್ತು ವರ್ಷದ ಹತ್ತಿರ ಹಿಂದೆ ‘ಸಮುದಾಯದತ್ತ ಶಾಲೆ’ ಅಂತ ಒಂದು ಕಾರ್ಯಕ್ರಮ ಶುರುವಾಗಿತ್ತು. ಹೆಸರು ಕೇಳಿದರೆ ಶಾಲೆಯೇ ಎದ್ದು ಊರ ಕಡೆ ಹೊರಟ ಹಾಗೆ. ನಡೆದದ್ದು ಉಲ್ಟಾ. ಅಪ್ಪ ಅಮ್ಮಂದಿರನ್ನು ಶಾಲೆಗೆ ಕರೆಸಿ, ನಿಮ್ಮ ಮಗು ಇಷ್ಟು ಕಲಿತಿದೆ ನೋಡಿ ಅಂತ ತೋರಿಸೋದು. ತೋರಿಸಬೇಕಾದದ್ದೇ. ಆದರೆ ‘ನಿಮಗೇನು ಬೇಕು’ ಅನ್ನುವ ಮಾತು ಆ ಹೆಸರಿನೊಳಗೇ ಉಳಿದುಬಿಟ್ಟಿತು.

ಈ ಮಾತನ್ನು ನೂರು ವರ್ಷದ ಹಿಂದೆಯೇ ತಿರುವಿ ಕೇಳಿದ ಒಬ್ಬ ಶಿಕ್ಷಣಾಧಿಕಾರಿ ಇದ್ದ, ಇಂಗ್ಲೆಂಡಿನಲ್ಲಿ. ಹೆಸರು ಹೆನ್ರಿ ಮಾರಿಸ್. ಕೇಂಬ್ರಿಡ್ಜ್‌ಶೈರ್ ಕೌಂಟಿಯ ಶಿಕ್ಷಣದ ಹೊಣೆ ಹೊತ್ತವನು. ವಿಶ್ವವಿದ್ಯಾಲಯದ ಆ ಕೇಂಬ್ರಿಡ್ಜ್ ಅಲ್ಲ, ಅದರ ಸುತ್ತಲಿನ ಬಡ ಹಳ್ಳಿಗಳು. ಜನ ಹಳ್ಳಿ ಬಿಟ್ಟು ಪಟ್ಟಣ ಸೇರ್ತಿದ್ದರು, ಹಳ್ಳಿ ಶಾಲೆಗಳು ಸಣ್ಣಗಾಗ್ತಿದ್ದವು. ಕೇಳಿದ ಕತೆ ಅನ್ನಿಸುತ್ತೆ ಅಲ್ವಾ? 1924ರಲ್ಲಿ ಮಾರಿಸ್ ಒಂದು ಟಿಪ್ಪಣಿ ಬರೆದ. ಹಲವು ಹಳ್ಳಿಗಳ ನಡುವೆ ಒಂದು ‘ಗ್ರಾಮ ಕಾಲೇಜು’ ಕಟ್ಟೋಣ. ಹಗಲು ಅದು ಮಕ್ಕಳ ಶಾಲೆ. ಅದೇ ಆವರಣದಲ್ಲಿ ಊರಿನ ಸಭಾಭವನ, ಗ್ರಂಥಾಲಯ, ಬಡಗಿ ಕೆಲಸದ ಕೋಣೆ, ಆಟದ ಬಯಲು, ಎಳೆ ಮಕ್ಕಳ ಆರೋಗ್ಯ ನೋಡುವ ಕೇಂದ್ರ, ದೊಡ್ಡವರಿಗೆ ಸಂಜೆ ತರಗತಿ. ಒಬ್ಬ ಮನುಷ್ಯ ಎಳೆತನದಿಂದ ಮುಪ್ಪಿನ ತನಕ ಒಂದಲ್ಲ ಒಂದು ಕಾರಣಕ್ಕೆ ಬಂದು ಹೋಗುವ ಜಾಗ ಆಗಬೇಕು ಶಾಲೆ ಅಂತ ಅವನ ಆಸೆ.

ಟಿಪ್ಪಣಿ ಕಡತದಲ್ಲೇ ಕೊಳೆಯಲಿಲ್ಲ. 1930ರಲ್ಲಿ ಸಾಸ್ಟನ್ ಅನ್ನುವ ಹಳ್ಳಿಯಲ್ಲಿ ಮೊದಲನೆಯದು ತೆರೆಯಿತು. 1939ರಲ್ಲಿ ಇಂಪಿಂಗ್ಟನ್‌ನಲ್ಲಿ ಇನ್ನೊಂದು. ಅದರ ನಕ್ಷೆ ಬರೆದವರು ಜರ್ಮನಿಯ ಬೌಹೌಸ್ ಕಟ್ಟಿದ ವಾಲ್ಟರ್ ಗ್ರೋಪಿಯಸ್ ಮತ್ತು ಅವರ ಜೊತೆಗಾರ ಮ್ಯಾಕ್ಸ್‌ವೆಲ್ ಫ್ರೈ. ಹಳ್ಳಿ ಮಕ್ಕಳಿಗೆ ಜಗತ್ತಿನ ದೊಡ್ಡ ವಾಸ್ತುಶಿಲ್ಪಿ ಯಾಕೆ ಅಂತ ಮಾರಿಸ್ ಕೇಳಲಿಲ್ಲ. ಹಳ್ಳಿಯವರಿಗೂ ಒಳ್ಳೆಯದೇ ಬೇಕು ಅಂದುಕೊಂಡ, ಅಷ್ಟೇ. ಎರಡೂ ಈಗಲೂ ಶಾಲೆಗಳಾಗಿ ನಡೀತಿವೆ.

ಅದೇ ದೇಶ 2005ರಲ್ಲಿ ಈ ವಿಚಾರವನ್ನು ಎಲ್ಲ ಶಾಲೆಗಳಿಗೂ ಹಬ್ಬಿಸೋಕೆ ಹೊರಟಿತು. 2010ರೊಳಗೆ ಪ್ರತಿಯೊಂದು ಶಾಲೆಯ ಮೂಲಕ ಐದು ಸೇವೆ ಸಿಗಬೇಕು ಅಂತ ಗುರಿ. ಒಂದು, ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬೆಳಗ್ಗೆ ಎಂಟರಿಂದ ಸಂಜೆ ಆರರ ತನಕ, ರಜೆಯಲ್ಲೂ, ನೋಡಿಕೊಳ್ಳುವ ವ್ಯವಸ್ಥೆ. ಎರಡು, ಪಾಠದ ಆಚೆಗೆ ಆಟ, ಸಂಗೀತ, ಹೋಂವರ್ಕ್ ಸಹಾಯ. ಮೂರು, ಅಪ್ಪ ಅಮ್ಮಂದಿರಿಗೆ ನೆರವು. ನಾಲ್ಕು, ಮಾತು ಬಾರದ, ಮನಸ್ಸು ಕುಗ್ಗಿದ ಮಕ್ಕಳನ್ನು ಬೇಗ ತಜ್ಞರ ಹತ್ತಿರ ಮುಟ್ಟಿಸೋದು. ಐದು, ಶಾಲೆಯ ಸಭಾಂಗಣ, ಮೈದಾನ, ಕಂಪ್ಯೂಟರ್ ಕೋಣೆ ಊರಿನವರಿಗೂ ತೆರೆಯೋದು. ಎಲ್ಲವನ್ನೂ ಮೇಷ್ಟ್ರುಗಳೇ ಮಾಡಬೇಕು ಅಂತಿರಲಿಲ್ಲ. ಪಕ್ಕದ ಶಾಲೆ, ಸಂಘ ಸಂಸ್ಥೆ, ಆರೋಗ್ಯ ಇಲಾಖೆ, ಯಾರ ಜೊತೆ ಕೂಡಿ ಬೇಕಾದರೂ ಮಾಡಬಹುದಿತ್ತು.

ಇದನ್ನು ಸ್ವರ್ಗ ಅಂತ ಹಾಡಿ ಹೊಗಳೋಕೆ ನಾನು ತಯಾರಿಲ್ಲ. ಮಕ್ಕಳನ್ನು ನೋಡಿಕೊಳ್ಳೋಕೆ ಶುಲ್ಕ ತಗೊಳ್ಳಬಹುದಿತ್ತು. ‘ಪೋಷಕರಿಗೆ ನೆರವು’ ಅನ್ನೋದು ಬಡವರಿಗೆ ಮಕ್ಕಳನ್ನು ಸಾಕೋ ಪಾಠ ಹೇಳುವ ಉಪದೇಶ ಆಗೋಕೆ ಹೆಚ್ಚು ಹೊತ್ತು ಬೇಕಿಲ್ಲ. 2010ರಲ್ಲಿ ಸರ್ಕಾರ ಬದಲಾಯ್ತು. ಮಾರನೇ ವರ್ಷದಿಂದ ಇದಕ್ಕೇ ಅಂತ ಮೀಸಲಿಟ್ಟ ಹಣ ಶಾಲೆಯ ಒಟ್ಟು ಅನುದಾನದೊಳಗೆ ಸೇರಿಹೋಯ್ತು. ಖರ್ಚು ಮಾಡೋದು ಬಿಡೋದು ಆಯಾ ಶಾಲೆಯ ಇಷ್ಟ. ಇಷ್ಟಕ್ಕೆ ಬಿಟ್ಟ ಸೇವೆಯ ಗತಿ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. 2025ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರ 750 ಶಾಲೆಗಳಲ್ಲಿ ಉಚಿತ ಬೆಳಗಿನ ತಿಂಡಿಯ ವ್ಯವಸ್ಥೆಯನ್ನು ಹೊಸದಾಗಿ ಶುರು ಮಾಡಿತು. ಬಿಟ್ಟ ದಾರಿಗೇ ಮತ್ತೆ ಬಂದ ಹಾಗೆ.

ಆದರೂ ಒಂದು ವಿಷಯದಲ್ಲಿ ಅವರು ನಮಗಿಂತ ಮುಂದೆ ಯೋಚಿಸಿದರು. ಶಾಲೆ ಅಂದರೆ ಒಂದು ಮಗು ಮಾತ್ರ ಅಲ್ಲ, ಆ ಮಗುವಿನ ಹಿಂದೆ ಒಂದು ಮನೆ ಇದೆ. ಆ ಮನೆಗೊಂದು ದಿನಚರಿ ಇದೆ. ಶಾಲೆಯ ಗಂಟೆಗೂ ಆ ಮನೆಯ ಗಂಟೆಗೂ ತಾಳ ಸೇರದಿದ್ದರೆ ಮಗು ಮಧ್ಯದಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಇದು ಅವರ ಕಾಗದದಲ್ಲಾದರೂ ಇತ್ತು.

ನಮ್ಮ ಶಾಲೆ ಪಾಠ ಬಿಟ್ಟು ಬೇರೇನೂ ಮಾಡಲ್ವಾ ಅಂತ ಕೇಳಬಹುದು. ಬೇಕಾದಷ್ಟು ಮಾಡುತ್ತೆ! ಚುನಾವಣೆ ಬಂದರೆ ಮತಗಟ್ಟೆ. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆ ಕಡೆ ಹೊಳೆ ಉಕ್ಕಿದಾಗ ಶಾಲೆಗಳೇ ಪರಿಹಾರ ಕೇಂದ್ರ. 2020ರಲ್ಲಿ ಬೇರೆ ಊರುಗಳಿಂದ ವಾಪಸ್ ಬಂದ ಕೂಲಿ ಜನರಿಗೆ ಶಾಲೆಯೇ ಕ್ವಾರಂಟೈನ್. ಜನಗಣತಿ, ಮತದಾರರ ಪಟ್ಟಿ, ಎಲ್ಲದಕ್ಕೂ ಮೇಷ್ಟ್ರು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ಸುತ್ತಿದವರೂ ಅವರೇ. ಸಮೀಕ್ಷೆ ಮುಗಿಯದೇ ಇದ್ದಾಗ ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದರು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುತ್ತೆ. ಅಷ್ಟು ವಿನಾಯಿತಿಯೇ ಸಾಕಷ್ಟು ದೊಡ್ಡದು.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ. ಪ್ರವಾಹವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಸರ್ಕಾರಕ್ಕೆ ಬೇಕಾದ ಕೆಲಸ. ಎಣಿಸೋಕೆ, ಬರೆದುಕೊಳ್ಳೋಕೆ, ವೋಟು ಹಾಕಿಸೋಕೆ ಶಾಲೆಯ ಬಾಗಿಲು ತೆಗೆಯುತ್ತೆ. ಅದೇ ಊರಿನ ತಾಯಿ ‘ಕೂಲಿ ಮುಗಿಸಿ ಬರೋ ತನಕ ಮಗೂನ ಇಲ್ಲೇ ಇಟ್ಕೊಳ್ತೀರಾ ಸಾರ್’ ಅಂದರೆ ತೆಗೆಯಲ್ಲ. ಶಾಲೆ ಸರ್ಕಾರದ ಕೌಂಟರ್ ಆಗಿದೆ. ಊರಿನ ಮನೆ ಆಗಿಲ್ಲ.

ಒಂದು ದೊಡ್ಡ ಅಪವಾದ ಇದೆ, ಅದು ಬಿಸಿಯೂಟ. 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕು ಅಂತ ಆದೇಶ ಮಾಡಿತು. 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯ್ತು, ಆಮೇಲೆ ಎಲ್ಲ ಕಡೆ ಹಬ್ಬಿತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಇದು ಯಾರ ಕೊಡುಗೆಯೂ ಅಲ್ಲ, ಹಕ್ಕು. ಮನೆಯ ಒಂದು ಹೊತ್ತಿನ ಒಲೆಯ ಭಾರವನ್ನೇ ಶಾಲೆ ಹೊತ್ತುಕೊಂಡಿತು. 2024ರ ಬೇಸಿಗೆ ನೆನಪಿಸಿಕೊಳ್ಳಿ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಗಿತ್ತು. ಆ ತಾಲೂಕುಗಳಲ್ಲಿ ರಜೆಯಲ್ಲೂ ಶಾಲೆ ಒಲೆ ಹಚ್ಚಿತು. ಪಾಠ ಇಲ್ಲ, ಪರೀಕ್ಷೆ ಇಲ್ಲ, ಊಟ ಮಾತ್ರ. ಮನೆಗೆ ಬೇಕಾದದ್ದನ್ನು ಮನೆಗೆ ಬೇಕಾದ ಹೊತ್ತಿಗೆ ಶಾಲೆ ಕೊಡಬಲ್ಲದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಆದರೆ ಆ ಒಲೆಯ ಮುಂದೆ ನಿಂತ ಹೆಂಗಸರಿಗೆ ನಾವು ಕೊಡೋದಕ್ಕೆ ಸಂಬಳ ಅನ್ನುವ ಹೆಸರಿಲ್ಲ. ‘ಗೌರವಧನ’ ಅಂತ ಹೆಸರು. 2025ರ ಬಜೆಟ್‌ನಲ್ಲಿ ಸಾವಿರ ರೂಪಾಯಿ ಏರಿಸಿದ ಮೇಲೂ ಅದು ತಿಂಗಳಿಗೆ ಐದು ಸಾವಿರ ಮುಟ್ಟಲಿಲ್ಲ. ಗೌರವ ಎಷ್ಟು, ಧನ ಎಷ್ಟು ಅಂತ ನೀವೇ ಅಳೆಯಿರಿ.

ಎರಡನೇ ಸಾಕ್ಷಿ ವಿದ್ಯಾಗಮ. 2020ರಲ್ಲಿ ಶಾಲೆ ಮುಚ್ಚಿದ್ದಾಗ ನಮ್ಮ ಮೇಷ್ಟ್ರು, ಟೀಚರಮ್ಮಂದಿರು ವಠಾರಗಳಿಗೆ ಹೋದರು. ದೇವಸ್ಥಾನದ ಜಗಲಿ, ಅರಳಿಕಟ್ಟೆ, ಯಾರದೋ ಮನೆ ಪಡಸಾಲೆ, ಅಲ್ಲೇ ಪಾಠ. ಸೋಂಕು ಹೆಚ್ಚಾಗಿ ಆ ಅಕ್ಟೋಬರಿನಲ್ಲಿ ನಿಂತಿತು. ಅದರ ಅಪಾಯದ ಬಗ್ಗೆ ನಡೆದ ಚರ್ಚೆ ನ್ಯಾಯವಾದದ್ದೇ. ಆದರೆ ಆ ಕೆಲವು ವಾರ ಶಾಲೆ ಮಗುವಿನ ಮನೆ ಬಾಗಿಲಿಗೆ ಹೋಗಿ ನಿಂತಿತ್ತು. ಯಾವ ಮನೆಯಲ್ಲಿ ದೀಪ ಇಲ್ಲ, ಯಾವ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಹೊತ್ತುಕೊಂಡೇ ಲೆಕ್ಕ ಮಾಡ್ತಾಳೆ ಅನ್ನೋದನ್ನು ಕಣ್ಣಾರೆ ನೋಡುವ ಅವಕಾಶ ಅದು. ಶಾಲೆ ಮತ್ತೆ ತೆರೆದ ಮೇಲೆ ಕಲಿಕೆಯ ನಷ್ಟದ ಲೆಕ್ಕ ಬಂತು. ಮನೆಗಳಲ್ಲಿ ಕಂಡದ್ದರ ಲೆಕ್ಕ ಯಾರೂ ಕೇಳಲಿಲ್ಲ.

ಈಗ ಆ ತಾಯಿಯ ಲೆಕ್ಕಕ್ಕೆ ಬರ್ತೀನಿ. ಸಂಜೆ ನಾಲ್ಕೂವರೆ ಹೊತ್ತಿಗೆ ಶಾಲೆ ಬಿಡುತ್ತೆ. ಗಾರ್ಮೆಂಟ್ಸ್‌ಗೆ ಹೋಗುವವಳು, ಕಾಫಿ ತೋಟಕ್ಕೆ, ಕಟ್ಟಡ ಕೆಲಸಕ್ಕೆ ಹೋಗುವವಳು ಮನೆ ಸೇರುವಾಗ ಆರೂವರೆ, ಏಳು. ನಡುವೆ ಎರಡು ಮೂರು ಗಂಟೆ. ಆರು ವರ್ಷದೊಳಗಿನ ಮಗುವಿಗೆ ಹಗಲು ಅಂಗನವಾಡಿ ಇದೆ, ಕೆಲವು ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಯೂ ಇದೆ. ಎಂಟು ವರ್ಷದ ಮಗುವಿಗೆ ಸಂಜೆ ಏನಿದೆ? ಬೀದಿ ಇದೆ, ಮೊಬೈಲ್ ಇದೆ. ಇಲ್ಲಾಂದರೆ ಅಕ್ಕ ಇದ್ದಾಳೆ, ಅವಳೂ ಏಳನೇ ಕ್ಲಾಸು. ಮೊದಲು ಸಂಜೆ ಓದು ಬಿಡ್ತಾಳೆ, ಆಮೇಲೆ ಶಾಲೆ. ಖಾಸಗಿ ಶಾಲೆಯ ಹಳದಿ ವ್ಯಾನು ಬೆಳಗ್ಗೆ ಮನೆ ಮುಂದೆ ನಿಲ್ಲುತ್ತೆ, ಸಂಜೆ ಅಲ್ಲೇ ಟ್ಯೂಷನ್ ಮುಗಿಸಿ ಆರಕ್ಕೆ ತಂದು ಬಿಡುತ್ತೆ. ಅವಳು ಸಾಲ ಮಾಡಿ ಅಲ್ಲಿಗೆ ಸೇರಿಸಿದರೆ ನಾವು ‘ಇಂಗ್ಲಿಷ್ ಮೋಹ’ ಅಂತ ಬರೀತೀವಿ. ಮೋಹ ಒಂದಿಷ್ಟು ಇರಬಹುದು. ಆದರೆ ಅವಳು ಕೊಳ್ಳುತ್ತಿರೋದು ಇಂಗ್ಲಿಷ್ ಒಂದನ್ನೇ ಅಲ್ಲ, ತನ್ನ ಮಗು ಸಂಜೆ ಆರರ ತನಕ ಎಲ್ಲಿದೆ ಅನ್ನುವ ನೆಮ್ಮದಿಯನ್ನೂ. ಸರ್ಕಾರಿ ಶಾಲೆ ಉಳಿಸಿ ಅನ್ನುವ ನಮ್ಮ ಲೇಖನಗಳಲ್ಲಿ ಈ ನೆಮ್ಮದಿಯ ಮಾತು ಕಂಡದ್ದು ನನಗೆ ಬಹಳ ಕಡಿಮೆ.

ಇದಕ್ಕೆ ಬರುವ ಆಕ್ಷೇಪಣೆ ಗೊತ್ತು. ಈಗಲೇ ಮೇಷ್ಟ್ರಿಗೆ ಉಸಿರಾಡೋಕೆ ಬಿಡುವಿಲ್ಲ, ಇನ್ನಷ್ಟು ಹೊರಿಸ್ತೀರಾ ಅಂತ. ಬೇಡ, ಅವರ ಮೇಲೆ ಒಂದು ಕಡ್ಡಿಯೂ ಬೇಡ. ಸಂಜೆಯ ಎರಡು ಗಂಟೆಗೆ ಬೇರೆ ಕೈ ಬೇಕು, ಅದಕ್ಕೆ ಸರಿಯಾದ ಸಂಬಳ ಬೇಕು. ಊರಿನಲ್ಲೇ ಪಿಯುಸಿ, ಡಿಗ್ರಿ ಓದಿ ಕೂತ ಹೆಣ್ಣುಮಕ್ಕಳಿದ್ದಾರೆ, ಸ್ತ್ರೀಶಕ್ತಿ ಸಂಘಗಳಿವೆ, ಪಂಚಾಯಿತಿಯ ಗ್ರಂಥಾಲಯ ಇದೆ. ದುಡ್ಡೆಲ್ಲಿಂದ ಅಂದರೆ, ದಾನಿಗಳ ಹತ್ತಿರ ಅಲ್ಲ, ಬಜೆಟ್‌ನಿಂದ. ಅದಕ್ಕೇ ಅಂತ ಬೇರೆ ತಲೆಬರಹದ ಅಡಿ ಇಟ್ಟ ಹಣ. ಒಟ್ಟಿಗೆ ಕಲಸಿದರೆ ಏನಾಗುತ್ತೆ ಅಂತ ಇಂಗ್ಲೆಂಡಿನಲ್ಲಿ ನೋಡಿ ಆಯ್ತಲ್ಲ.

ಇನ್ನೊಂದು ಆಕ್ಷೇಪಣೆ ಯಾರೂ ಬಾಯಿಬಿಟ್ಟು ಹೇಳಲ್ಲ, ಆದರೆ ಇದೆ. ಊರು ಅಂದರೆ ಯಾವ ಊರು? ನಮ್ಮ ಹಳ್ಳಿಗಳಲ್ಲಿ ಒಂದೊಂದು ಜಾತಿಗೆ ಒಂದೊಂದು ಸಮುದಾಯ ಭವನ ಎದ್ದಿದೆ. ದೇವಸ್ಥಾನದ ಹೊಸಿಲು ಎಲ್ಲರಿಗೂ ಒಂದೇ ಅಲ್ಲ. ದಲಿತ ಹೆಂಗಸು ಅಡುಗೆ ಮಾಡ್ತಾಳೆ ಅಂತ ಮಕ್ಕಳನ್ನು ಶಾಲೆ ಬಿಡಿಸಿದ ಸುದ್ದಿ ನಮ್ಮ ರಾಜ್ಯದಿಂದಲೇ ಮತ್ತೆ ಮತ್ತೆ ಬಂದಿದೆ. ನಾಚಿಕೆಗೇಡು ನಿಜ. ಆದರೆ ಆ ಜಗಳ ಶಾಲೆಯಲ್ಲಿ ಯಾಕೆ ಆಯ್ತು ನೋಡಿ. ಎಲ್ಲ ಕೇರಿಯ ಮಕ್ಕಳು ಒಂದೇ ಹಕ್ಕಿನಿಂದ ಒಳಗೆ ಬರುವ, ಒಂದೇ ಪಾತ್ರೆಯ ಅನ್ನ ಉಣ್ಣುವ ಜಾಗ ಊರಲ್ಲಿ ಅದೊಂದೇ. ಯಾರೋ ಕೊಟ್ಟ ಗೋಡೆ ಗಡಿಯಾರ ಯಾರ ಮನಸ್ಸನ್ನೂ ನೋಯಿಸಲ್ಲ, ಊರಲ್ಲಿ ಏನನ್ನೂ ಬದಲಿಸೋದೂ ಇಲ್ಲ. ಎಲ್ಲರಿಗೂ ಒಂದೇ ಒಲೆ, ಎಲ್ಲರಿಗೂ ಒಂದೇ ಸಂಜೆ ಕೋಣೆ ಅಂದಾಗ ಮಾತ್ರ ಊರು ಒಂದಿಷ್ಟು ಕದಲುತ್ತೆ. ಕೊಡುಗೆಗೂ ಸೇವೆಗೂ ಇರುವ ವ್ಯತ್ಯಾಸ ಇಷ್ಟೇ.

ರಾಜಾರಾಮಣ್ಣ ಕಾರ್ಯಪಡೆಯ ಶಿಫಾರಸಿನ ಮೇಲೆ 2001ರಲ್ಲಿ ಬಂದ ಎಸ್‌ಡಿಎಂಸಿಗಳು ಇಂದಿಗೂ ಇವೆ. ಪೋಷಕರೇ ಆರಿಸಿದ ಪೋಷಕರ ಸಮಿತಿ. ಅಲ್ಲಿ ಕಾಂಪೌಂಡು, ಶೌಚಾಲಯ, ಸ್ವಾತಂತ್ರ್ಯ ದಿನದ ಸಿಹಿ ಇವುಗಳ ಮಾತು ನಡೆಯುತ್ತೆ, ನಡೀಬೇಕು. ನಿಮ್ಮಲ್ಲಿ ಯಾರಾದರೂ ಆ ಸಮಿತಿಯಲ್ಲಿದ್ದರೆ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಸೇರಿಸಿ. ದೇಣಿಗೆ ಯಾರು ಕೊಡ್ತಾರೆ ಅನ್ನೋದು ಆಮೇಲೆ ಆಗಲಿ. ಸಂಜೆ ಐದು ಗಂಟೆಗೆ ನಮ್ಮ ಶಾಲೆಯ ಬೀಗದ ಕೈ ಯಾರ ಹತ್ತಿರ ಇರುತ್ತೆ, ಆ ಹೊತ್ತಲ್ಲಿ ಶಾಲೆಯ ಮಕ್ಕಳು ಎಲ್ಲಿರ್ತಾರೆ, ಇದನ್ನು ಮೊದಲು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.